ಜಾತ್ರೆಯ ಪಟ್ಟಿಗೆ ಒತ್ತೆ ಹೋದ ಬಳೆ

(ಅವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಉತ್ತರ ಕರ್ನಾಟಕದ ಒಂದು ಸಣ್ಣ ಸಂಸ್ಥಾನದ ಮನೆತನದ ಕಿರಿಯ ಸೊಸೆ. ವಯಸ್ಸು ಐವತ್ತರ ಮೇಲೆ. ಪತಿ ಹೃದಯಾಘಾತದಿಂದ ತೀರಿಕೊಂಡಿದ್ದರು. ನಿದ್ದೆ ಹತ್ತುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ದುಡ್ಡಿನ ಮಾತೆತ್ತಿದ್ದು ಬಹಳ ತಡವಾಗಿ.

"ಈ ಸಲ ಜಾತ್ರಿ ಪಟ್ಟಿಗೆ ಐದು ಸಾವಿರದ ಒಂದು ಕೊಟ್ಟೆ. ಬಳಿ ಒತ್ತಿ ಇಟ್ಟು."

ಊರ ಹಿರಿಯರು ವಾಡೆಗೆ, ಅಂದರೆ ಮನೆತನದ ಹಳೆಯ ದೊಡ್ಡ ಮನೆಗೆ, ಬಂದು ಕಾಲು ಮುಟ್ಟಿ, ಪಟ್ಟಿ (ಚಂದಾ) ಪುಸ್ತಕದ ಮೊದಲ ಸಾಲು ಖಾಲಿ ಬಿಟ್ಟು ಮುಂದೆ ಹಿಡಿದಿದ್ದರಂತೆ. ಆ ಖಾಲಿ ಸಾಲಿನೆದುರು ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ. ಅದೇ ತಿಂಗಳು ಮಗಳ ಕಾಲೇಜು ಫೀ ಬಾಕಿ, ಕರೆಂಟ್ ಬಿಲ್ ಬಾಕಿ. ಮಳೆಗೆ ತೊಲೆ ಜರುಗಿ ಹಿಂದಿನ ಕೋಣೆಗಳಿಗೆ ಬೀಗ ಬಿದ್ದಿತ್ತು.

ಹಳೆಯ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ 1971ರ ಸಂವಿಧಾನ ತಿದ್ದುಪಡಿಯೊಂದಿಗೇ ನಿಂತಿತು. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಉಳುವವರಿಗೆ ಹೋಯಿತು, ಅದು ನ್ಯಾಯವೇ. ಆದರೆ ಊರಿಗೆ ಇಂದಿಗೂ ಕಾಣುವುದು ಹೆಬ್ಬಾಗಿಲು ಮಾತ್ರ. ಗಂಡ ಹೋದ ಮೇಲೆ ಆಯುಧಪೂಜೆಯಲ್ಲಿ ಖಡ್ಗದ ಮುಂದೆ ಇವರು ನಿಲ್ಲುವಂತಿಲ್ಲ, ಅರಿಶಿನ ಕುಂಕುಮಕ್ಕೆ ಯಾರೂ ಕರೆಯುವುದಿಲ್ಲ. ಪಟ್ಟಿಗೆ ಮಾತ್ರ ತಪ್ಪದೆ ಬರುತ್ತಾರೆ. ನನಗೆ ಸಿಟ್ಟು ಬಂತು, ಅವರೆದುರೇ ಹೇಳಿದೆ. ಅವರು ಬಹಳ ಹೊತ್ತು ಅತ್ತರು. ಗಂಡನ ಮಣ್ಣಿಗೆ (ಅಂತ್ಯಕ್ರಿಯೆಗೆ) ಬಂದ ಜನರೆದುರು ವಾಡೆಯ ಮರ್ಯಾದೆ ಹೋಗಬಾರದೆಂದು ಅಂದು ಅಳು ತಡೆದವರು, ಆಮೇಲೂ ಅತ್ತಿರಲಿಲ್ಲ.

ಹೀಗಾಗಿ ನಾವು ಮೊದಲು ಮಾಡಿದ್ದು ಲೆಕ್ಕವಲ್ಲ. ಪತಿಯ ಬಗ್ಗೆ ಮಾತಾಡಿದೆವು. ಆಮೇಲೆ ಒಂದೇ ವಾಕ್ಯ ರೂಢಿ ಮಾಡಿಸಿದೆ: "ಈ ವರ್ಷ ನಮ್ಮ ಕಡೆ ಆಗೂದಿಲ್ರಿ." ಕಾರಣ ಕೊಡಬೇಡಿ, ಕ್ಷಮೆಯನ್ನೂ ಕೇಳಬೇಡಿ ಎಂದೆ. ಮೊದಮೊದಲು ನನ್ನೆದುರು ಹೇಳುವಾಗಲೂ ಅವರು ಸೆರಗಿನ ತುದಿ ಹಿಂಡುತ್ತಿದ್ದರು.

ಭಾವನದು ಇನ್ನೊಂದು ಕಾಟ. "ಗಾದಿ ಹಿರಿಯನದು, ಆಸ್ತಿಯೂ ಹಿರಿಯನದು" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದರು. ವಕೀಲರು ಓದುವವರೆಗೆ ಯಾವ ಕಾಗದಕ್ಕೂ ಸಹಿ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಅಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ; ಅರಮನೆಯವರಿಗೆ ಕೊಡುವುದಿಲ್ಲವೇನೋ ಎಂದು ಇವರು ಹಿಂಜರಿದಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿದ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳಷ್ಟೇ ಪಾಲು. ಹಳೆಯ ಅರಸರು ಭಾರತ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಒಬ್ಬನೇ ವಾರಸುದಾರನಿಗೆ ಹೋಗುವ ಆಸ್ತಿಗೆ ಅದೇ ಕಾಯ್ದೆಯ 5ನೇ ಕಲಮಿನಲ್ಲಿ ವಿನಾಯಿತಿ ಇದೆ. ಅದಕ್ಕೇ ಸಂಸ್ಥಾನ ಭಾರತಕ್ಕೆ ಸೇರಿದಾಗಿನ ವಿಲೀನದ ಕಾಗದ, ಖಾಸಗಿ ಆಸ್ತಿಯ ಪಟ್ಟಿ ಹುಡುಕಿಸಿದೆ. ಉತ್ತರ ಪ್ರದೇಶದ ರಾಂಪುರ ನವಾಬರ ಕುಟುಂಬದ ವ್ಯಾಜ್ಯದಲ್ಲಿ ಖಾಸಗಿ ಆಸ್ತಿ ಗಾದಿಯ ಹಿಂದೆ ಹೋಗುವುದಿಲ್ಲ, ವೈಯಕ್ತಿಕ ಕಾನೂನಿನಂತೆ ಹಂಚಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದನ್ನೂ ವಕೀಲರ ಗಮನಕ್ಕೆ ತರಲು ತಿಳಿಸಿದೆ. ವಾಡೆಯಿಂದ ಹೊರಹಾಕುವ ಬೆದರಿಕೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ವಾಸದ ಹಕ್ಕು ಆಸರೆ.

ಆಳಿನ ಕೈಯಲ್ಲಿ ಸರಾಫರ ಅಂಗಡಿಗೆ ಒಡವೆ ಕಳಿಸುವುದನ್ನು ನಿಲ್ಲಿಸಿ, ಬ್ಯಾಂಕಿನಲ್ಲೇ ಇಟ್ಟು ರಸೀದಿ ಪಡೆಯಲು ಹೇಳಿದೆ. ಹುಲಿಚರ್ಮ, ದಂತದ ಹಿಡಿಯ ಕಠಾರಿಗೆ ಗಿರಾಕಿ ಬಂದಿದ್ದ. 1972ರ ವನ್ಯಜೀವಿ ಕಾಯ್ದೆಯಡಿ ಮಾಲೀಕತ್ವ ಪತ್ರವಿದ್ದರೂ ಅವನ್ನು ಮಾರುವುದು ಅಪರಾಧ.

ಸಂಪಾದನೆಯ ದಾರಿ ಅವರ ಕೈಯಲ್ಲೇ ಇತ್ತು. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯನ್ನು ಮಾವನಿಂದ ಕಲಿತಿದ್ದರು. ಆ ಭಾಗದ ಹಳೆಯ ಜಮೀನು ದಾಖಲೆಗಳು ಮೋಡಿಯಲ್ಲಿವೆ, ಓದಬಲ್ಲವರು ವಿರಳ. "ದುಡ್ಡು ತಗೊಂಡು ಓದಿಕೊಡೂದಾ?" ಎಂದು ಗಾಬರಿಯಾದರು. ಹೌದು, ದರ ಬರೆದು ಗೋಡೆಗೆ ಹಚ್ಚಿ ಎಂದೆ. ಈಗ ವಕೀಲರೇ ಕಾಗದ ಕಳಿಸುತ್ತಾರೆ.

ಪಾಲಿನ ದಾವೆ ನಡೆದಿದೆ. ಫೀ ಕಂತಿನಲ್ಲಿ ತೀರುತ್ತಿದೆ. ಭಾವನ ಮನೆಯವರು ಮಾತು ಬಿಟ್ಟಿದ್ದಾರೆ. ತಾವು ಎತ್ತಿ ಬೆಳೆಸಿದ ಅವರ ಮಕ್ಕಳೂ ಮುಖ ತಿರುಗಿಸುವುದು ಇವರನ್ನು ತುಂಬ ನೋಯಿಸುತ್ತಿದೆ. ಸದ್ಯ ನಮ್ಮ ಭೇಟಿಗಳಲ್ಲಿ ಅದೇ ಮಾತು.