ಹಾರಲಾಗದ ಅರ್ಧ ರೆಕ್ಕೆಯಿಂದ ಏನು ಪ್ರಯೋಜನ?

ಹಾರಲಾಗದ ಅರ್ಧ ರೆಕ್ಕೆ ಪ್ರಾಣಿಗೆ ಹೊರೆಯಲ್ಲವೇ, ವಿಕಾಸದಲ್ಲಿ ಅದು ಉಳಿದದ್ದಾದರೂ ಹೇಗೆ ಎಂದು ಕೇಳಿದ್ದೀರಿ. ಡಾರ್ವಿನ್ ಕಾಲದಿಂದಲೂ ಕೇಳಿಬರುತ್ತಿರುವ ಒಳ್ಳೆಯ ಪ್ರಶ್ನೆ. ಆದರೆ ಗರಿ ಹುಟ್ಟಿದ್ದೇ ಹಾರಾಟಕ್ಕಾಗಿ ಎಂಬ ಊಹೆ ಅದರೊಳಗೆ ಅಡಗಿದೆ. 1996ರಲ್ಲಿ ಚೀನಾದ ಲಿಯಾವೋನಿಂಗ್‌ನಿಂದ ಬೆಳಕಿಗೆ ಬಂದ ಸೈನೋಸಾರಾಪ್ಟೆರಿಕ್ಸ್ ಎಂಬ, ಹಕ್ಕಿಗಳ ಪೂರ್ವಜರ ಬಳಗಕ್ಕೆ ಸೇರಿದ ಪುಟ್ಟ ಡೈನೋಸಾರ್‌ನ ಮುಂಗಾಲುಗಳು ಮೋಟು. ಹಾರುವ ಮಾತೇ ಇಲ್ಲ. ಆದರೂ ಬೆನ್ನಿನುದ್ದಕ್ಕೂ ಎಳೆಎಳೆಯಾದ ತುಪ್ಪುಳವಿತ್ತು. ಅದರ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವೆಂದು 2010ರಲ್ಲಿ ವರ್ಣಕಣಗಳ ಗುರುತಿನಿಂದ ತಿಳಿದುಬಂತು. ಮೈ ಬೆಚ್ಚಗಿಡಲು, ಸಂಗಾತಿಯ ಕಣ್ಣಿಗೆ ಬೀಳಲು ಗರಿ ಮೊದಲು ಒದಗಿರಬೇಕು.

ಅರ್ಧ ರೆಕ್ಕೆಗೂ ಕೆಲಸವಿದೆ. ಅಮೆರಿಕದ ಮೊಂಟಾನಾದಲ್ಲಿ ಜೀವವಿಜ್ಞಾನಿ ಕೆನೆತ್ ಡಯಲ್ ಅವರು ಚುಕಾರ್ ಎಂಬ ಗೌಜಲಕ್ಕಿಯ ಮರಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಅಚ್ಚುಮೆಚ್ಚು. ಇನ್ನೂ ಹಾರಲು ಬಾರದ ಮರಿ ಕಡಿದಾದ ಏರನ್ನು ಹತ್ತುವಾಗ ಎಳೆಯ ರೆಕ್ಕೆಗಳನ್ನು ಪಟಪಟ ಬಡಿಯುತ್ತದೆ. ಆ ಬಡಿತ ಮೈಯನ್ನು ಏರಿನತ್ತ ಒತ್ತುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಗರಿ ಕತ್ತರಿಸಿದರೆ ಅಷ್ಟು ಕಡಿದಾದುದನ್ನು ಹತ್ತಲು ಅದಕ್ಕೆ ಸಾಧ್ಯವಾಗುವುದಿಲ್ಲ.

ಡೈನೋಸಾರ್‌ಗಳೂ ಹೀಗೆಯೇ ಹಾರಾಟಕ್ಕೆ ಬಂದವೆಂದು ಇದು ಸಾಬೀತುಪಡಿಸುವುದಿಲ್ಲ. ಮರದಿಂದ ತೇಲಿ ಇಳಿಯುತ್ತಲೇ ಕಲಿತವು ಎನ್ನುವವರು ಕಾಲಿನಲ್ಲೂ ಉದ್ದ ಗರಿಗಳಿದ್ದ ಮೈಕ್ರೋರಾಪ್ಟರ್ ಎಂಬ ಡೈನೋಸಾರ್‌ನತ್ತ ಬೆರಳು ತೋರಿಸುತ್ತಾರೆ.