ಅವನಿಗೆ ತೋರಿಸಬೇಕು ಅಂತಲೇ ಓದುತ್ತಿದ್ದೇನೆ, ತಪ್ಪಾ?

ಪ್ರಶ್ನೆ: ಅಕ್ಕ, ನನಗೆ 26 ವರ್ಷ. ಊರು ರಾಣೆಬೆನ್ನೂರು ಹತ್ತಿರ. ಈಗ ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಕೆಎಎಸ್‌ಗೆ ಓದುತ್ತಿದ್ದೇನೆ. ಡಿಗ್ರಿಯಿಂದ ಪ್ರೀತಿಸಿದ ಹುಡುಗ ಪೊಲೀಸ್ ಕೆಲಸ ಸಿಕ್ಕ ಮೇಲೆ ದೂರವಾದ. "ನೀನು ಹೀಗೇ ಓದ್ಕೊಂಡೇ ಇರ್ತೀಯ, ಏನೂ ಆಗಲ್ಲ" ಅಂದ. ಈಗ ಅವನ ಎಂಗೇಜ್‌ಮೆಂಟ್ ಆಗಿದೆ. ದೊಡ್ಡ ಅಧಿಕಾರಿಯಾಗಿ ಅವನ ಮುಂದೆ ನಿಲ್ಲಬೇಕು ಅನ್ನೋದೊಂದೇ ಹಟ. ಆದರೆ ಪುಸ್ತಕ ತೆಗೆದರೆ ಅವನ ಸ್ಟೇಟಸ್ ನೋಡುತ್ತಾ ಕೂರುತ್ತೇನೆ. ರಾತ್ರಿ ನಿದ್ದೆ ಬರಲ್ಲ. ನನ್ನಲ್ಲೇ ಏನೋ ಕಮ್ಮಿ ಇದೆ ಅನಿಸುತ್ತದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
(ಹೆಸರು ಬೇಡ)

ಉತ್ತರ: ತಪ್ಪೇನಿಲ್ಲ ತಂಗಿ. ಸಿಟ್ಟಿನಲ್ಲಿ ಓದಲು ಕೂತವಳು ನೀನೊಬ್ಬಳೇ ಏನಲ್ಲ, ನಿನ್ನ ಲೈಬ್ರರಿಯಲ್ಲೇ ಪಕ್ಕದವರನ್ನು ಕೇಳಿ ನೋಡು. ಹಟ ಮೊದಲ ಒಂದೆರಡು ತಿಂಗಳು ಬೆಳಗಿನ ಜಾವ ಎಬ್ಬಿಸಿ ಕೂರಿಸುತ್ತದೆ. ಆಮೇಲೆ ಅದೇ ಹಟ ಸ್ಟೇಟಸ್ ನೋಡಿಸುತ್ತದೆ. ಯಾರಿಗೆ ತೋರಿಸಬೇಕೋ ಅವನು ಏನು ಮಾಡುತ್ತಿದ್ದಾನೆ ಅಂತ ಗೊತ್ತಾಗಬೇಕಲ್ಲ!

ಇನ್ನೊಂದು ಮಾತು, ಸ್ವಲ್ಪ ಖಾರ ಅನಿಸಬಹುದು. ನಿನ್ನ ಬೆಲೆಯನ್ನು ಅವನ ಕೈಯಿಂದ ಕಿತ್ತುಕೊಂಡು ಕೆಎಎಸ್ ಪರೀಕ್ಷೆ ನಡೆಸುವ ಕೆಪಿಎಸ್‌ಸಿ ಕೈಗೆ ಕೊಟ್ಟಿದ್ದೀಯ. 2020ರ ನೋಟಿಫಿಕೇಷನ್ ಆದ ಮೇಲೆ ಮುಂದಿನದು ಬಂದದ್ದು 2024ಕ್ಕೆ. ಹುದ್ದೆ 384, ಅರ್ಜಿ ಹಾಕಿದವರು 2 ಲಕ್ಷಕ್ಕೂ ಜಾಸ್ತಿ. ಆಗಸ್ಟ್‌ನಲ್ಲಿ ಪ್ರಿಲಿಮ್ಸ್ ಆಯಿತು, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ತಪ್ಪೋ ತಪ್ಪು, ದೊಡ್ಡ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಿದರು. ಮೊದಲ ಸಲ ಚೆನ್ನಾಗಿ ಬರೆದಿದ್ದವರೂ ಮತ್ತೆ ಹೋಗಿ ಕೂತರು. ಅವರಲ್ಲಿ ಏನು ಕಮ್ಮಿ ಇತ್ತು ಹೇಳು?

ಹಾಗಂತ ಓದು ಬಿಡಬೇಡ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ), ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಯಾವ ಹುದ್ದೆಗೆ ಕರೆದರೂ ಅರ್ಜಿ ಹಾಕು. "ಎಫ್‌ಡಿಎ ಆಗಿ ಅವನ ಮುಂದೆ ನಿಂತರೆ ಏನು ಬಂತು" ಅಂತ ಮನಸ್ಸು ಮೂಗು ಮುರಿದರೆ, ಇನ್ನೂ ಅವನಿಗೋಸ್ಕರವೇ ಓದುತ್ತಿದ್ದೀಯ ಅಂತ ತಿಳಿ. ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿಕೊಡಲು ಆಗುತ್ತಾ ನೋಡು. ಪಿಜಿ ಬಾಡಿಗೆಯಲ್ಲಿ ಅರ್ಧವನ್ನಾದರೂ ನಿನ್ನ ದುಡ್ಡಲ್ಲಿ ಕಟ್ಟಿದ ತಿಂಗಳು, "ನನಗೆ ಏನೂ ಆಗಲ್ಲ" ಅನ್ನೋ ಮಾತನ್ನು ನೀನೇ ನಂಬಲ್ಲ.

ಅವನ ನಂಬರ್ ಬ್ಲಾಕ್ ಮಾಡು. ಸೋತಳು ಅಂದುಕೊಳ್ಳುತ್ತಾನಾ? ಅಂದುಕೊಳ್ಳಲಿ ಬಿಡು. ಆ ಹುಡುಗಿಯ ಪ್ರೊಫೈಲ್ ಹುಡುಕುವುದೂ ಬೇಡ (ಹುಡುಕಿರುತ್ತೀಯ, ಗೊತ್ತು), ಪಾಪ ಅವಳದೇನು ತಪ್ಪು.

ನಿದ್ದೆಯದು ಮಾತ್ರ ಸುಮ್ನೆ ಬಿಡಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನೋ ಯೋಚನೆ ಬಂದರಂತೂ ಬೆಳಗಾಗಲಿ ಅಂತ ಕಾಯದೆ ಆಗಲೇ ಫೋನ್ ಮಾಡು, ರೂಮ್‌ಮೇಟ್‌ಳನ್ನೂ ಎಬ್ಬಿಸು.

ಊರಿಗೆ ಹೋದಾಗ ಅವ್ವನಿಗೆ ಹೇಳು. ಮೊದಲು ಬೈಯಬಹುದು, ಬೈಯಲಿ. ಅಪ್ಪನಿಗೆ ಎಷ್ಟು ಹೇಳಬೇಕು ಅಂತ ಅವರೇ ನೋಡಿಕೊಳ್ಳುತ್ತಾರೆ. ಇದೇ ನೆಪದಲ್ಲಿ ಗಂಡು ನೋಡಲು ಶುರು ಮಾಡಿದರೆ, ಮುಂದಿನ ಪ್ರಿಲಿಮ್ಸ್ ಮುಗಿಯುವವರೆಗೆ ಆ ಮಾತು ಬೇಡ ಅಂತ ಅವತ್ತೇ ಹೇಳಿಬಿಡು.