ಬುಲೆಟ್ ಹೆಸರು ಒಂದೇ, ಎಂಜಿನ್ ಬೇರೆ ಬೇರೆ

ಪ್ರಶ್ನೆ: ಅಪ್ಪ 1994ರಲ್ಲಿ ಕೊಂಡ ಬುಲೆಟ್ 350 ಈಗ ನನ್ನ ಕೈಗೆ ಬಂದಿದೆ. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಸಣ್ಣಪುಟ್ಟ ಕೆಲಸ ಮನೇಲೇ ಮಾಡಿಕೊಳ್ಳೋಣ ಅಂತ ಬುಲೆಟ್ 350ರ ರಿಪೇರಿ ಪುಸ್ತಕವೊಂದನ್ನು ಮೊಬೈಲಿಗೆ ಇಳಿಸಿಕೊಂಡೆ. ಅದರಲ್ಲಿ ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ತೆರೆಯಿಸುವ ಭಾಗ) ಸೆಟ್ ಮಾಡುವ ವಿಷಯವೇ ಇಲ್ಲ! ಯಾವ ಪುಸ್ತಕ ತಗೊಳ್ಳಲಿ?
– ಸಕಲೇಶಪುರದ ಓದುಗರು

ಉತ್ತರ: ನಿಮಗೆ ಸಿಕ್ಕಿರುವುದು ಬಹುಶಃ ಯುಸಿಇ ಎಂಜಿನ್ನಿನ, ಅಂದರೆ ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ ಬುಲೆಟ್‌ನ ಪುಸ್ತಕ. ಅದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಒತ್ತಡದಲ್ಲಿ ತಾನೇ ಸೆಟ್ ಆಗುತ್ತದೆ, ಕೈ ಹಾಕುವ ಕೆಲಸವೇ ಇಲ್ಲ. ನಿಮ್ಮದು ಹಳೇ ಕಾಸ್ಟ್ ಐರನ್ ಎಂಜಿನ್, ಗೇರ್‌ಬಾಕ್ಸ್ ಬೇರೆ, ಅದರ ಆಯಿಲ್ಲೂ ಬೇರೆ. 2023ರಲ್ಲಿ ಬಂದ ಬುಲೆಟ್‌ನದು ಜೆ ಸೀರೀಸ್, ಅದು ಮತ್ತೂ ಬೇರೆ. ಹಾಗಾಗಿ ಮುಖಪುಟದ ಹೆಸರು ನೋಡಿ ದುಡ್ಡು ಕೊಡಬೇಡಿ.

ಟ್ಯಾಪೆಟ್ ಪುಟವನ್ನೇ ಮೊದಲು ತೆಗೆಯಿರಿ. ಎಂಜಿನ್ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್‌ನಲ್ಲಿ ಪೂರ್ತಿ ಮೇಲಿರಬೇಕು, ಆಗ ಪುಶ್ ರಾಡ್ (ಟ್ಯಾಪೆಟ್ ಮೇಲೆ ನಿಲ್ಲುವ ಉದ್ದ ಕಡ್ಡಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಟ ಇರಬಾರದು ಅಂತ ಬರೆದಿದ್ದರೆ ಅದು ನಿಮ್ಮ ಗಾಡಿಯ ಪುಸ್ತಕ.

ಗಾಡಿ ಜೊತೆ ಬರುವ ಓನರ್ಸ್ ಮ್ಯಾನುಯಲ್ ಸಾಲದು, ಅದು ಆಯಿಲ್, ಟೈರಿನ ಗಾಳಿಗೆ ಅಷ್ಟೇ. ಬಿಚ್ಚಿ ಜೋಡಿಸುವುದನ್ನು ಹೇಳುವ ವರ್ಕ್‌ಶಾಪ್ ಮ್ಯಾನುಯಲ್ ಬೇಕು. ಜೊತೆಗೆ ಪಾರ್ಟ್ಸ್ ಕ್ಯಾಟಲಾಗ್ ಸಿಕ್ಕರೆ ಬಿಡಬೇಡಿ, ಯಾವ ವಾಷರ್ ಯಾವುದರ ಹಿಂದೆ ಅಂತ ಅದರ ಚಿತ್ರ ನೋಡಿದರೆ ತಿಳಿಯುತ್ತದೆ. ಜೆರಾಕ್ಸ್ ಪ್ರತಿಯಾದರೆ ವೈರಿಂಗ್ ಪುಟ ನೋಡಿ ತಗೊಳ್ಳಿ. ಬಣ್ಣ ಹೋಗಿ, ಪಕ್ಕದ ಅಕ್ಷರಗಳೂ ಮಸುಕಾಗಿದ್ದರೆ ಆ ಪುಟ ಇದ್ದೂ ಇಲ್ಲದ ಹಾಗೆ.

ಇನ್ನು ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವ ಪಟ್ಟಿ ಇರಲೇಬೇಕು. ನಾನೊಮ್ಮೆ ಅಂದಾಜಿನಲ್ಲಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಬಿಗಿದು, ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋಗಿ, ಲೇತ್ ಅಂಗಡಿ ಮುಂದೆ ಅರ್ಧ ದಿನ ಕೂತಿದ್ದೆ. ಹಳೇ ಪುಸ್ತಕಗಳಲ್ಲಿ ಲೆಕ್ಕ ಕೆಜಿ ಮೀಟರಿನಲ್ಲಿರುತ್ತದೆ, ಬಿಗಿತ ಅಳೆದು ತೋರಿಸುವ ಈಗಿನ ಟಾರ್ಕ್ ರೆಂಚಿನಲ್ಲಿ ನ್ಯೂಟನ್ ಮೀಟರ್. ಪುಸ್ತಕದ 2 ಅಂದರೆ ರೆಂಚಿನಲ್ಲಿ ಹತ್ತಿರಹತ್ತಿರ 20. ಸುಮ್ನೆ ಅಂಕಿ ನೋಡಿ ತಿರುಗಿಸಬೇಡಿ.

ಪ್ರಶ್ನೆ: ನನ್ನದು 2021ರ ಸ್ಪ್ಲೆಂಡರ್ ಪ್ಲಸ್. ಅಣ್ಣನ 2015ರ ಗಾಡಿಯ ಪುಸ್ತಕ ಆಗುತ್ತಾ?
– ಗದಗದ ಓದುಗರು

ಉತ್ತರ: ಚೈನು, ಬ್ರೇಕ್ ಹೇಗೆ ಬಿಚ್ಚೋದು ಅಂತ ನೋಡೋದಕ್ಕೆ ಆಗುತ್ತೆ. ಪೆಟ್ರೋಲ್ ಕಡೆಗೆ ಆಗಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂತಲ್ವಾ, ಅಣ್ಣನ ಗಾಡಿಯಲ್ಲಿ ಕಾರ್ಬೊರೇಟರ್, ನಿಮ್ಮದರಲ್ಲಿ ಫ್ಯುಯೆಲ್ ಇಂಜೆಕ್ಷನ್.